ಕೈಗೆ ಕೊಡದ ಉಪ್ಪು

ಧರ್ಮಸ್ಥಳಕ್ಕೆ ಹೋಗುವವರು ನಮ್ಮ ಹೋಟೆಲಿನಲ್ಲಿ ಅನ್ನ ಸಾರು ತಿನ್ನುತ್ತಾರೆ. ಅದೇ ಜನ ವಾಪಸ್ ಬರುವಾಗ ಕೋಳಿ ತಿನ್ನುತ್ತಾರೆ. ಈ ಒಂದು ಸತ್ಯದ ಮೇಲೆ ನಮ್ಮ ಸಂಸಾರ ನಿಂತಿದೆ. ಆನೇಮಹಲ್ ದಾಟಿ ಮಾರನಹಳ್ಳಿ ಕಡೆಗೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಎಡಗಡೆಗೆ ತಗಡಿನ ಮಾಡು, ನಾಲ್ಕಾರು ಮೇಜು, ಮುಂದೆ ಲಾರಿ ನಿಲ್ಲಿಸುವಷ್ಟು ಜಾಗ. ಕಾಫಿ ತೋಟ ಇದೆ ಎಂದು ಹೇಳಿಕೊಳ್ಳುವಷ್ಟು ಕಾಫಿ ತೋಟ ನಮಗಿದೆ, ಅದರಿಂದ ಬದುಕುವಷ್ಟಿಲ್ಲ. ಹಾಗಾಗಿ ರಸ್ತೆ ಬದಿಯ ತುಂಡಿನಲ್ಲಿ ಗಿಡ ಕಿತ್ತು ಹೋಟೆಲು ಹಾಕಿದೆವು. ಗಲ್ಲಾದ ಮೇಲೆ ನಮ್ಮ ಯಜಮಾನರು, ಒಲೆಯ ಮುಂದೆ ನಾನು. ಈ ಹಂಚಿಕೆ ಯಾರು ಮಾಡಿದ್ದು ಎಂದು ನೆನಪಿಲ್ಲ, ನಾನಂತೂ ಅಲ್ಲ.

ಅಕ್ಕಿ ರೊಟ್ಟಿ, ಕಡುಬು, ಸಾರು ನನ್ನ ಪಾಲು. ಕೋಳಿ, ಫ್ರೈಡ್ ರೈಸು, ಗೋಬಿ, ಇವಕ್ಕೆ ಒಬ್ಬ ಅಡುಗೆಯವನು ಬೇಕೇ ಬೇಕು. ನನ್ನ ಬಲಭುಜ ಹಿಡಿದುಕೊಂಡು ಎಷ್ಟೋ ಕಾಲವಾಯಿತು. ತುಂಬಿದ ಪಾತ್ರೆ ಇಳಿಸಲು ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ಹಿಂದೆ ಇದ್ದ ಅಡುಗೆಯವನು ಘಟ್ಟದ ಕೆಳಗಿನವನು. ಇಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಬೇಸರ ಮಾಡಿಕೊಂಡು ಹೋದ. ಅವನಿಗಿಂತ ಹಿಂದಿನವನು ಕಾರಣ ಹೇಳುವ ಮರ್ಯಾದೆಯನ್ನೂ ಇಟ್ಟುಕೊಳ್ಳಲಿಲ್ಲ. ಒಂದು ಇಡೀ ಮಳೆಗಾಲ ಅಡುಗೆಯವನಿಲ್ಲದೆ ತಳ್ಳಿದೆವು. ಕೋಳಿ ನಿಂತಿತು. ಕೋಳಿ ನಿಂತ ಮೇಲೆ ವಾಪಸ್ ಹೋಗುವ ಭಕ್ತರು ಒಳಗೆ ಬರುವುದೂ ನಿಂತಿತು.

"ಇನ್ನೊಬ್ಬ ಬಂದು ಅವ್ನೂ ಹೋಗ್ಬುಟ್ರೆ ಬಾಗ್ಲು ಹಾಕದೇ ಕಣೇ," ಎಂದು ಯಜಮಾನರು ಗಲ್ಲಾದ ಮೇಲೆ ಕೂತು ತೀರ್ಮಾನ ಹೇಳಿದರು. ನಾನು ಆಗ ಬಗ್ಗಿ ಒಲೆ ಊದುತ್ತಿದ್ದೆ. ಹೊಗೆಗೋ ಆ ಮಾತಿಗೋ, ಕಣ್ಣು ಉರಿಯಿತು.

ಇನ್ನೊಬ್ಬ ಬಂದ. ಜಾರ್ಖಂಡಿನವನು. ಮೂವತ್ತರ ಆಸುಪಾಸು, ಸಣಕಲು ಮೈ, ಕೈ ಮಾತ್ರ ದೊಡ್ಡದು. ನಮ್ಮ ಕಡೆ ಎಸ್ಟೇಟ್ ಲೈನುಗಳಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಅಸ್ಸಾಮು, ಬಂಗಾಳ, ಎಲ್ಲಿಂದ ಜನ ಬಂದರೂ ಅವರನ್ನು ಹಿಂದಿಯವರು ಎಂದೇ ಕರೆಯುವುದು. ಇವನನ್ನೂ ಹಿಂದಿಯವನು ಎಂದೆವು. ಅವನ ಮನೆಮಾತು ಹಿಂದಿ ಅಲ್ಲ, ಬೇರೊಂದಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಅವನು ಅದರಲ್ಲಿ ನನ್ನನ್ನು ಬೈದಾಗ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಶಾಲೆಯಲ್ಲಿ ಹಿಂದಿ ಪರೀಕ್ಷೆ ಪಾಸಾದವಳು. ಇದು ಲೇಖನಿ, ಅದು ಪುಸ್ತಕ ಎಂದು ಈಗಲೂ ಹಿಂದಿಯಲ್ಲಿ ಹೇಳಬಲ್ಲೆ. ಅಡುಗೆಮನೆಯಲ್ಲಿ ಲೇಖನಿಯ ಕೆಲಸ ಬಂದದ್ದೇ ಕಡಿಮೆ. ಇನ್ನು ಯಜಮಾನರು. ವಯಸ್ಸಿನಲ್ಲಿ ಶುಂಠಿ ಲೋಡು ಹೊತ್ತು ಪುಣೆಯವರೆಗೆ ಲಾರಿ ಓಡಿಸಿದ್ದರಿಂದ ತಮಗೆ ಹಿಂದಿ ಸಲೀಸು ಎಂದು ಅವರ ನಂಬಿಕೆ. ಅವರ ಹಿಂದಿಯಲ್ಲಿ ಡೀಸೆಲ್ ಇತ್ತು, ಪಂಕ್ಚರ್ ಇತ್ತು, ಪೊಲೀಸರ ಜೊತೆ ಮಾತಾಡಲು ಬೇಕಾದ ವಿನಯವೂ ಇತ್ತು. ಒಗ್ಗರಣೆ ಇರಲಿಲ್ಲ. ಅಡುಗೆಯವನು ಕೈ ಆಡಿಸುತ್ತಾ ಉದ್ದಕ್ಕೆ ಏನೋ ಹೇಳುತ್ತಿದ್ದ. ಏನಂದ ಎಂದು ನಾನು ಕೇಳಿದರೆ ಯಜಮಾನರು, "ಆಯ್ತಂತೆ," ಎನ್ನುತ್ತಿದ್ದರು. ನಾನು ಅಷ್ಟೇ ಉದ್ದಕ್ಕೆ ಉತ್ತರ ಹೇಳಿದರೆ ಅದನ್ನು ಅವರು ಅವನಿಗೆ, "ಠೀಕ್ ಹೈ," ಎಂದು ದಾಟಿಸುತ್ತಿದ್ದರು. ಇಷ್ಟು ಕಡಿಮೆ ಖರ್ಚಿನ ದುಭಾಷಿ ಎಲ್ಲೂ ಸಿಗಲಾರ.

ಮೊದಮೊದಲು ಅರ್ಥವಾಗದಿದ್ದರೆ ಕೂಗಿ ಹೇಳುತ್ತಿದ್ದೆವು. ನಾನು ಕನ್ನಡದಲ್ಲಿ ಕೂಗುವುದು, ಅವನು ಹಿಂದಿಯಲ್ಲಿ ಕೂಗುವುದು, ಹೊರಗೆ ಊಟಕ್ಕೆ ಕೂತ ಲಾರಿಯವರು ಏನಾಯಿತೋ ಎಂದು ಇಣುಕುವುದು. ಆಮೇಲೆ ಗಂಟಲು ನೋವು ಬಂದು ಅದನ್ನು ಬಿಟ್ಟೆವು. ಅವನು ಬಾಣಲೆಯ ಅಂಚಿಗೆ ಸೌಟಿನಿಂದ ಟಣ್ ಎನಿಸಿದರೆ ಆಯಿತು, ತಟ್ಟೆ ತಾ ಎಂದು. ನಾನು ಅಂಗೈ ಕೆಳಗೆ ಮಾಡಿ ಒತ್ತಿದರೆ ಉರಿ ಸಣ್ಣ ಮಾಡು ಎಂದು. ಅವನು ಕಲಿತ ಮೊದಲ ಕನ್ನಡ ಪದ 'ಅಯ್ಯೋ'. ಎರಡನೆಯದು 'ಸಾಕು'. ಈ ಎರಡೇ ಪದ ಇಟ್ಟುಕೊಂಡು ನಾನೂ ಮದುವೆಯಾದಾಗಿನಿಂದ ಬಾಳಿದ್ದೇನೆ, ಆದ್ದರಿಂದ ಅವನಿಗೆ ಹೆಚ್ಚೇನೂ ಕಲಿಸಲು ಹೋಗಲಿಲ್ಲ.

ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆಯೇ ನಾನು ಸಾರಿನ ಪಾತ್ರೆ ಇಳಿಸಲು ಬಟ್ಟೆ ಹಿಡಿದು ನಿಂತಿದ್ದಾಗ, ಅವನು ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಪಾತ್ರೆ ಇಳಿಸಿದ. ನನ್ನ ಭುಜದ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಲು ಭಾಷೆಯೂ ಇರಲಿಲ್ಲ. ಅವತ್ತಿಂದ ಅದು ಅವನ ಕೆಲಸವಾಯಿತು. ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಒಡಹುಟ್ಟಿದವನು ಬಂದು ಕೈಜೋಡಿಸಿದ ಹಾಗೆ ಅನ್ನಿಸಿತು. ಇವನು ಹೋಗಬಾರದು ಎಂದು ದೇವರ ಮುಂದೆ ದೀಪ ಹಚ್ಚುವಾಗ ಹೇಳಿಕೊಂಡೆ. ಕೋಳಿಯ ಲೆಕ್ಕಕ್ಕೆ ಮಾತ್ರ ಹೇಳಿಕೊಂಡದ್ದಲ್ಲ.

ಈಗ ಉಪ್ಪಿನ ವಿಷಯ. ನಮ್ಮ ಕಡೆಯ ಮಳೆಗೆ ಉಪ್ಪು ತಡೆಯುವುದಿಲ್ಲ. ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟುಕೊಂಡು ಕೂತಿರುತ್ತದೆ. ಅದಕ್ಕೆ ಕಲ್ಲುಪ್ಪಿನ ಜಾಡಿಯನ್ನು ನನ್ನ ಸೌದೆ ಒಲೆಯ ಪಕ್ಕದ ಗೂಡಿನಲ್ಲಿ, ಕಾವು ತಾಗುವಂತೆ ಇಡುತ್ತೇನೆ. ಒಣಮೆಣಸಿನಕಾಯಿ ಡಬ್ಬಿಯೂ ಅಲ್ಲೇ. ಅಡುಗೆಯವನ ಗ್ಯಾಸ್ ಒಲೆ ಆ ಕಡೆ ಗೋಡೆಗೆ. ಹಾಗಾಗಿ ಉಪ್ಪು ಬೇಕಾದಾಗಲೆಲ್ಲ ಅವನು ತಿರುಗಿ ನನ್ನ ಕಡೆ ಅಂಗೈ ಚಾಚಬೇಕು.

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ. ಇದನ್ನು ನನಗೆ ಕಲಿಸಿದ್ದು ಅಮ್ಮ. ಹೆತ್ತೂರು ಕಡೆಯ ನಮ್ಮ ತವರಿನಲ್ಲಿ ನಡೆದ ಎಲ್ಲ ಜಗಳಗಳ ಮೂಲವನ್ನು ಅಮ್ಮ ಉಪ್ಪಿಗೇ ತಂದು ನಿಲ್ಲಿಸುತ್ತಿದ್ದಳು. ಚಿಕ್ಕಮ್ಮ ಬೇರೆ ಒಲೆ ಹೂಡಿದ್ದು ಯಾಕೆ? ಹಬ್ಬದ ದಿನ ಅತ್ತೆಯ ಕೈಯಿಂದ ಉಪ್ಪು ಈಸಿಕೊಂಡಿದ್ದಕ್ಕೆ. ದೊಡ್ಡಪ್ಪ ಬೇಲಿಯ ವಿಷಯಕ್ಕೆ ಕೋರ್ಟಿಗೆ ಹೋದದ್ದು? ಗದ್ದೆಯಲ್ಲಿ ಬುತ್ತಿ ಬಿಚ್ಚಿದಾಗ ಅಪ್ಪ ಯೋಚನೆಯಿಲ್ಲದೆ ಅವರ ಅಂಗೈಗೆ ಒಂದು ಹರಳು ಹಾಕಿದ್ದಕ್ಕೆ. ಬೇಲಿ ಒಂದು ಮಾರು ಈಚೆಗೆ ಬಂದಿತ್ತು ಎನ್ನುವುದನ್ನು ಅಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನನಗೂ ಅಭ್ಯಾಸವಾಗಿ ಹೋಗಿದೆ. ಯಾರು ಉಪ್ಪು ಕೇಳಿದರೂ ಬಟ್ಟಲಿಗೆ ಹಾಕಿ ಕೆಳಗಿಡುತ್ತೇನೆ, ಅವರು ಎತ್ತಿಕೊಳ್ಳುತ್ತಾರೆ. ಮೆಣಸಿನಕಾಯಿಗೂ ಅದೇ ಶಾಸ್ತ್ರ.

ಅವನು ಅಂಗೈ ಚಾಚಿದ. ನಾನು ಬಟ್ಟಲು ತುಂಬಿ ಕಟ್ಟೆಯ ಮೇಲಿಟ್ಟೆ. ಅವನು ಚಾಚಿದ ಅಂಗೈಯನ್ನೊಮ್ಮೆ ನೋಡಿಕೊಂಡು ಬಟ್ಟಲು ಎತ್ತಿಕೊಂಡ. ಪ್ರತಿ ಸಲವೂ ಹೀಗೇ. ಇವನೊಬ್ಬನ ಜೊತೆ ನನಗೆ ಜಗಳ ಬೇಡವೇ ಬೇಡ ಎಂದು ನಾನು ಮಾಮೂಲಿಗಿಂತ ಹೆಚ್ಚು ಎಚ್ಚರವಾಗಿದ್ದೆ. ಒಂದೊಂದು ಸಲ ಅವನು ಕಟ್ಟೆಯವರೆಗೂ ಬಂದು ಕೈ ಮುಂದೆ ಮಾಡಿದರೂ, ನಾನು ಆ ಕೈ ತಪ್ಪಿಸಿ ಬಟ್ಟಲನ್ನು ಆಚೆಗೆ ಇಟ್ಟದ್ದುಂಟು. ಕಾಫಿ ಲೋಟವೂ ಕಟ್ಟೆಯ ಮೇಲೆಯೇ ಹೋಗುತ್ತಿತ್ತು. ಅದಕ್ಕೆ ಶಾಸ್ತ್ರವೇನಿಲ್ಲ, ನನ್ನ ಕೈ ಯಾವಾಗಲೂ ಹಿಟ್ಟಾಗಿರುತ್ತದೆ, ಅಷ್ಟೆ.

ಮುಂದಿನ ಮಳೆಗಾಲ ಜೋರಾಗುವ ಹೊತ್ತಿಗೆ ಅವನಲ್ಲಿ ಒಂದು ಬದಲಾವಣೆ ಕಂಡೆ. ಸಂತೆಯಿಂದ ತನಗೆಂದು ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಕೊಂಡು ತಂದ. ಊಟವನ್ನು ಅದರಲ್ಲೇ ಹಾಕಿಕೊಂಡು, ಹಿಂದೆ ಸೌದೆ ಒಟ್ಟಿದ ಮಾಡಿನ ಕೆಳಗೆ ಒಬ್ಬನೇ ಕೂತು ಉಂಡು, ತಾನೇ ತೊಳೆದು, ನಮ್ಮ ಪಾತ್ರೆಗಳಿಗೆ ತಾಗದಂತೆ ಕಿಟಕಿಯ ಮೇಲೆ ಬೋರಲು ಹಾಕಿ ಇಡತೊಡಗಿದ. ನಾನು ಬಡಿಸಲು ಹೋದರೆ ಕೈ ಅಡ್ಡ ಹಿಡಿದು, ತಾನೇ ಹಾಕಿಕೊಳ್ಳುತ್ತೇನೆ ಎಂದು ಸನ್ನೆ ಮಾಡಿದ.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆ ತಟ್ಟೆ ಅವನಿಗೆ ಮೈಲಿಗೆಯೇ? ನಾನು ಬಡಿಸಿದ್ದು ಆಗದೇ? ಅವನದು ಯಾವ ದೊಡ್ಡ ಕುಲವೋ ಏನೋ, ಅಲ್ಲಿಂದ ಇಲ್ಲಿಗೆ ಬಂದು ನಮ್ಮನ್ನೇ ದೂರ ಇಡುತ್ತಾನಲ್ಲ ಎಂದು ಯಜಮಾನರ ಹತ್ತಿರ ಕೂಗಾಡಿದೆ.

"ಮಡಿ ಇರಬೋದು ಬುಡೇ. ಅವ್ರ ಕಡೆ ಏನೇನೋ ವ್ರತ ಐತಂತೆ," ಎಂದರು.

"ಬೆಳಗ್ಗೆ ಕೋಳಿ ಕುಯ್ದಿದ್ದು ಅವ್ನೇ ಕಣ್ರೀ. ಅದೆಂಥ ಮಡಿ?"

ಅವರು ಪೇಪರ್ ಬಿಡಿಸಿದರು.

ಅವತ್ತಿನಿಂದ ನಾನೂ ಬಿಗಿದುಕೊಂಡೆ. ಉಪ್ಪಿನ ಬಟ್ಟಲನ್ನು ಇಡುವ ಬದಲು ಕುಕ್ಕತೊಡಗಿದೆ. ಅವನು ಸೌಟಿನಿಂದ ಟಣ್ ಎನಿಸುವ ಬದಲು ಬಾಣಲೆ ಸೀಳುವಂತೆ ಬಡಿಯತೊಡಗಿದ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕೆಂಡದಂಥ ಸಿಟ್ಟು, ಬೈಯಲು ಮಾತ್ರ ಭಾಷೆಯಿಲ್ಲ. ಬೈಯಲು ಬಾರದ ಸಿಟ್ಟು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಗಂಡನನ್ನಾದರೆ ನಾಲ್ಕು ಅಂದು ಹಗುರಾಗಬಹುದು. ಇಲ್ಲಿ ಹಾಗಲ್ಲ; ಒಳಗೇ ಕೂತು ಹುಳಿಯುತ್ತದೆ.

ಕೊನೆಗೆ ಅವನು ಪೇಟೆಯಿಂದ ತನ್ನದೇ ಒಂದು ಪ್ಯಾಕೆಟ್ ಉಪ್ಪು ತಂದು ಗ್ಯಾಸ್ ಒಲೆಯ ಪಕ್ಕ ಇಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗುವುದೇ ನಿಂತಿತು. ಆ ಪ್ಯಾಕೆಟ್ ನೋಡಿ ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಮನೆಯಲ್ಲಿದ್ದುಕೊಂಡು ಮನೆಯ ಉಪ್ಪು ಬೇಡ ಎನ್ನುವವನು ಹೆಚ್ಚು ದಿನ ಇರುವುದಿಲ್ಲ. ಅದು ಯಾವ ಭಾಷೆಯವರಿಗಾದರೂ ಗೊತ್ತಾಗುತ್ತದೆ. ನಮ್ಮ ಮಳೆ ಅವನ ಉಪ್ಪನ್ನೂ ಬಿಡಲಿಲ್ಲ, ಪ್ಯಾಕೆಟ್ಟನ್ನು ನೀರು ಮಾಡಿತು. ಅವನು ಅದನ್ನೇ ಚಮಚದಲ್ಲಿ ಅಳೆದು ಹಾಕುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅವನು ಅಡುಗೆಮನೆಗೆ ಬರುವಾಗ ಹೆಗಲಿಗೆ ಬ್ಯಾಗು ಹಾಕಿಕೊಂಡೇ ಬಂದ. ಏಪ್ರನ್ ಮಡಚಿ ಕಟ್ಟೆಯ ಮೇಲೆ ಇಟ್ಟ. ನಾನು ಒಲೆ ಮೇಲೆ ಸಾರಿಟ್ಟು, ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹೊರಗೆ ಯಾತ್ರೆಯವರ ಬಸ್ಸೊಂದು ಬಂದು ನಿಂತು ಜನ ಇಳಿಯುತ್ತಿದ್ದರು, ವಾಪಸ್ ಬರುವವರು. ಯಜಮಾನರನ್ನು ಕೂಗಿದೆ. ಅವರು ಬಂದು ಬ್ಯಾಗು ನೋಡಿದರು, ಬಸ್ಸು ನೋಡಿದರು. ಆಮೇಲೆ, ಅವರ ಬಗ್ಗೆ ನಾನು ಹೇಳಿದ್ದಕ್ಕೆಲ್ಲ ಪ್ರಾಯಶ್ಚಿತ್ತವಾಗಿ ಇದನ್ನೂ ಹೇಳಬೇಕು, ಅವನನ್ನು ಒಂದು ಮಣೆಯ ಮೇಲೆ ಕೂರಿಸಿ, ಎದುರಿಗೆ ತಾವೂ ಕೂತು, ಮೊದಲ ಬಾರಿಗೆ ಅವನ ಮಾತನ್ನು ಪೂರ್ತಿ ಕೇಳಿದರು. ಅರ್ಥವಾಗದ್ದನ್ನು ಮತ್ತೆ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯಿತು.

"ಏನಂತೆ?"

"ಏನಿಲ್ಲ ಬುಡು."

"ಹೇಳ್ರಿ ಅಂದೆ."

"ಅವ್ನು ಅನ್ನದು ಇಷ್ಟು: ನಾನು ಮುಟ್ಟಿ ಮಾಡಿದ್ ಅಡ್ಗೆನ ಊರೆಲ್ಲ ತಿಂತದೆ. ನಿನ್ ಹೆಂಡ್ತಿ ನನ್ ಕೈಗೆ ಒಂದ್ ಚಿಟ್ಕೆ ಉಪ್ಪು ಕೊಡಲ್ಲ. ಕೈ ಚಾಚುದ್ರೆ ತಪ್ಪಿಸಿ ಆಚೆಗಿಡ್ತಾಳೆ. ಲೋಟಾನೂ ಆಚೆಗಿಡ್ತಾಳೆ. ನಮ್ಮಪ್ಪನಿಗೂ ಹಿಂಗೇ ಇಡ್ತಿದ್ರು, ಅದನ್ನ ನೋಡ್ಲಾರ್ದೆ ಊರು ಬುಟ್ಟು ಬಂದೆ. ನೀವು ಮುಟ್ಟಿಸ್ಕೊಳ್ಳಲ್ಲ ಅಂದ್ಮೇಲೆ ನಿಮ್ ತಟ್ಟೆ ನಂಗ್ಯಾಕೆ ಅಂತ ಬೇರೆ ತಂದ್ಕೊಂಡೆ ಅಂತಾವ್ನೆ."

ಹಿಟ್ಟಿನ ಕೈ ಹಾಗೇ ನಿಂತಿತು. "ಅಯ್ಯೋ, ಜಗಳ ಆಗ್ಬಾರ್ದು ಅಂತ ಕಣ್ರೀ! ಹೇಳ್ರಿ ಅವ್ನಿಗೆ, ಉಪ್ಪು ಕೈಗೆ ಕೊಟ್ರೆ ಜಗಳ ಆಯ್ತದೆ ಅಂತ!"

ಯಜಮಾನರು ಉಪ್ಪು, ಕೈ, ಜಗಳ ಎಂದು ತಮ್ಮ ಲಾರಿ ಹಿಂದಿಯಲ್ಲಿ ಒಂದೊಂದಾಗಿ ಜೋಡಿಸಿದರು. ಅವನು ಕೇಳಿಸಿಕೊಂಡು ನಕ್ಕ. ನಗು ಚೆನ್ನಾಗಿರಲಿಲ್ಲ. ಏನೋ ಅಂದ.

"ಕೊಡ್ದೆ ಇದ್ದುದ್ಕೆ ಈಗ ಆಗಿರದು ಜಗಳ ಅಲ್ದೆ ಇನ್ನೇನು ಅಂತಾವ್ನೆ."

ನನಗೆ ಮತ್ತೆ ಸಿಟ್ಟು ಬಂತು. ನಂಬುವುದಿಲ್ಲವಲ್ಲ, ನಾನು ಅಂಥವಳಲ್ಲ ಎಂದು ಬಾಯಿಗೆ ಬಂತು. ಆದರೆ ಅಷ್ಟರಲ್ಲಿ ಅಜ್ಜಿ ಮನೆಯ ಹಿತ್ತಿಲು ಕಣ್ಣಿಗೆ ಬಂತು. ಲೈನಿನ ಆಳುಗಳ ಲೋಟಗಳನ್ನು ಅಲ್ಲಿ ಹೊರಗೋಡೆಯ ಮೇಲೆ ಬೋರಲು ಹಾಕಿರುತ್ತಿದ್ದರು. ಆಳುಗಳು ಅವನ್ನು ತೊಳೆದು ಕೆಳಗಿಟ್ಟು ದೂರ ನಿಂತರೆ ಅಜ್ಜಿ ಮೇಲಿನಿಂದ ಕಾಫಿ ಸುರಿಯುತ್ತಿದ್ದಳು. ನನಗೂ ಕಲಿಸಿದ್ದಳು. ಮಗು ಒಂದು ಹನಿ ಚೆಲ್ಲದೆ ಎಷ್ಟು ಎತ್ತರದಿಂದ ಹುಯ್ಯುತ್ತೆ ನೋಡು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಡುಗೆಯವನು ತನ್ನ ಲೋಟವನ್ನು ಬೋರಲು ಹಾಕಿದ್ದು ನಮ್ಮ ಕಿಟಕಿಯ ಮೇಲೆ. ನಾನು ದಿನಾ ಅದನ್ನು ನೋಡಿಯೂ, ಅವನ ಕೊಬ್ಬು ಎಂದುಕೊಂಡಿದ್ದೆ. ನಾಚಿಕೆಯಾಯಿತು. ಅಮ್ಮನ ಶಾಸ್ತ್ರಕ್ಕೂ ಅಜ್ಜಿಯ ಶಾಸ್ತ್ರಕ್ಕೂ ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಇರಬಹುದು, ಚಾಚಿದ ಕೈಗೆ ಅದು ಹೇಗೆ ಕಾಣಬೇಕು? ಪುಣೆಯವರೆಗೆ ಹೋಗಿ ಬಂದ ಹಿಂದಿಯಲ್ಲೂ ಅದನ್ನು ಹೇಳಲಾಗುವುದಿಲ್ಲ.

ಸೆರಗಿಗೆ ಕೈ ಒರೆಸಿಕೊಂಡೆ. ಜಾಡಿಗೆ ಕೈ ಹಾಕಿ ಒಂದು ಹಿಡಿ ಕಲ್ಲುಪ್ಪು ತೆಗೆದೆ. ಮನಸ್ಸಿನಲ್ಲೇ ಅಮ್ಮನಿಗೆ ತಪ್ಪಾಯಿತು ಎಂದು ಹೇಳಿ, ಅವನ ಮುಂದೆ ಹೋಗಿ ನಿಂತೆ.

"ಹಿಡಿ," ಎಂದೆ.

ಅವನು ಕೈ ಚಾಚಲಿಲ್ಲ. ನಾನೂ ಹಿಂದೆ ತೆಗೆಯಲಿಲ್ಲ. ಹೊರಗೆ ಯಾರೋ, ಕೋಳಿ ಐತಾ ಎಂದು ಕೂಗುತ್ತಿದ್ದರು. ಐತೆ ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ಯಜಮಾನರು ನಮ್ಮಿಬ್ಬರ ಮುಖ ನೋಡಿದರು. ನಾನು ಎಡಗೈಯಿಂದ ಅವನ ಮಣಿಕಟ್ಟು ಹಿಡಿದು, ಅಂಗೈ ಮೇಲೆ ಮಾಡಿ, ಉಪ್ಪನ್ನು ಅದರೊಳಗೆ ಹಾಕಿ, ಅವನ ಬೆರಳುಗಳನ್ನು ನಾನೇ ಮಡಚಿದೆ.

ಅವನು ಎದ್ದ. ಬಾಗಿಲ ಕಡೆ ಎರಡು ಹೆಜ್ಜೆ ಹೋದ. ಹೋಗಿ ನಿಂತ. ಮುಷ್ಟಿಯ ತುಂಬ ಉಪ್ಪು ಇಟ್ಟುಕೊಂಡು ಮನುಷ್ಯ ಎಲ್ಲಿಗೆ ಹೋಗಲು ಸಾಧ್ಯ? ಜೇಬಿಗೆ ಹಾಕಿಕೊಳ್ಳಲು ಬರುವುದಿಲ್ಲ. ನೆಲಕ್ಕೆ ಚೆಲ್ಲುವ ಹಾಗಿಲ್ಲ, ಅದನ್ನು ತುಳಿಯಬಾರದು ಎಂದು ಅವನ ಊರಲ್ಲೂ ಹೇಳುತ್ತಾರೇನೋ. ಬಸ್ಸಿನಲ್ಲಿ ಹಿಡಿದು ಕೂರುವಂಥದ್ದೂ ಅಲ್ಲ. ಅವನು ಮುಷ್ಟಿ ನೋಡಿಕೊಂಡ, ನನ್ನನ್ನು ನೋಡಿದ. ಕೊನೆಗೆ ಉಪ್ಪು ಹಿಡಿದವನು ಹೋಗಬಹುದಾದ ಒಂದೇ ಜಾಗಕ್ಕೆ ಹೋದ. ಸೌದೆ ಒಲೆಯ ಮೇಲೆ ಕುದಿಯುತ್ತಿದ್ದ ನನ್ನ ಸಾರಿನ ಪಾತ್ರೆಗೆ ಇಡೀ ಹಿಡಿಯನ್ನು ಸುರಿದ.

ಆ ಸಾರಿಗೆ ನಾನು ಆಗಲೇ ಉಪ್ಪು ಹಾಕಿದ್ದೆ.

"ಏಯ್! ಹಾಕಿ ಆಗೈತಲ್ಲೋ! ಕಣ್ ಕಾಣಲ್ವೇನೋ ನಿಂಗೆ? ಬಸ್ಸಿನ್ ಜನ ಕೂತವ್ರೆ, ಇದನ್ನ ಯಾರ್ ತಲೆ ಮೇಲೆ ಹುಯ್ಲಿ ಈಗ?"

ಅವನು ಉಪ್ಪಂಟಿದ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದು ತಿರುಗಿ ಕೂಗಿದ. ಕೊಟ್ಟಿದ್ದು ನೀನೇ, ಹಿಡಿ ಅಂದದ್ದು ನೀನೇ, ಎಷ್ಟು ದಿನದಿಂದ ಒಂದು ಚಿಟಿಕೆ ಕೊಡದವಳು ಇವತ್ತು ಹಿಡಿ ಹಿಡಿ ಕೊಟ್ಟರೆ ನಾನೇನು ಮಾಡಲಿ ಎಂದು. ನಾನು ಬಟ್ಟಲು ಯಾಕೆ ಕೆಳಗಿಡುತ್ತಿದ್ದೆ ಎಂದು ಕೂಗಿದೆ, ತಟ್ಟೆ ತಂದದ್ದಕ್ಕೆ ಕೂಗಿದೆ, ನೀರಾದ ಪ್ಯಾಕೆಟ್ಟಿಗೆ ಬೇರೆ ಕೂಗಿದೆ. ಅವನು ಒಂದಕ್ಕೂ ಬಾಕಿ ಇಡದೆ ಉತ್ತರ ಕೊಟ್ಟ. ಬಸ್ಸಿನ ಜನ ಬಾಗಿಲಿಗೆ ಬಂದು ನಿಂತರು. ನಾನು ಯಜಮಾನರ ಕಡೆ ತಿರುಗಿದೆ.

"ನನ್ನ ನೋಡ್ಬೇಡ. ಅವ್ನು ಆಡ್ತಿರದು ಹಿಂದಿ ಅಲ್ಲ ಕಣೇ. ಅವ್ರ ಮನೆ ಮಾತೇನೋ. ನಂಗೊಂದ್ ಅಕ್ಷರ ತಿಳೀತಿಲ್ಲ," ಎಂದರು.

"ನಂಗೆ ತಿಳೀತೈತೆ ಬುಡ್ರಿ," ಎಂದು ಮತ್ತೆ ಅವನ ಕಡೆ ತಿರುಗಿದೆ.

ಕೂಗುತ್ತಲೇ ನಾನು ರೊಟ್ಟಿ ಹಿಟ್ಟಿನಿಂದ ದೊಡ್ಡ ಉಂಡೆ ಮಾಡಿ ಸಾರಿಗೆ ಬಿಟ್ಟೆ, ಉಪ್ಪು ಹೀರಲಿ ಎಂದು. ಅವನು ಕೂಗುತ್ತಲೇ ಆಲೂಗಡ್ಡೆ ಹೆಚ್ಚಿ ಹಾಕಿದ, ಅದೂ ಅದಕ್ಕೇ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಹೆಚ್ಚುವಾಗ ಜಾರಿ ಜಾರಿ ಅಡ್ಡ ಬಂದದ್ದಕ್ಕೆ ಅದನ್ನೂ ಬೈದು, ತೆಗೆದು ಅಕ್ಕಿ ಮೂಟೆಯ ಮೇಲೆ ಎಸೆದ. ಆಮೇಲೆ ನಾನು ಪಾತ್ರೆಗೆ ಕೈ ಹಾಕುವ ಮೊದಲೇ ಬಟ್ಟೆ ಕಿತ್ತುಕೊಂಡು ಅದನ್ನು ಇಳಿಸಿ, ತನ್ನ ಒಲೆ ಹಚ್ಚಿ ಕೋಳಿಗೆ ಬಾಣಲೆ ಇಟ್ಟ. ಬಸ್ಸಿನವರು ಕೋಳಿಯನ್ನು ಹೊಗಳಿದರು. ಸಾರಿನ ಬಗ್ಗೆ ಯಾರೂ ಮಾತಾಡಲಿಲ್ಲ, ನೀರು ಮಾತ್ರ ಬಹಳ ಕುಡಿದರು.

ಅಮ್ಮ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಈಗ ದಿನಾ ಅವನ ಕೈಗೇ ಉಪ್ಪು ಕೊಡುತ್ತೇನೆ. ದಿನಾ ಜಗಳವಾಗುತ್ತದೆ. ಅವನು ಹೋಗಿಲ್ಲ.